ಮಾಷ್ಟ್ರ ಸಿಗ್ನಲ್ ಪ್ರಶ್ನೆಗೆ: ಅರ್ತಿಂಗ್ ಮೊದಲು, ಕ್ಯಾಮರಾ ಕೊನೆಗೆ

ಮಾಷ್ಟ್ರೇ, ನೀವು ಕೇಳಿದ್ದು ಇಷ್ಟು: ಕಾಸರಗೋಡು ಪೇಟೆಯ ಟ್ರಾಫಿಕ್ ಸಿಗ್ನಲ್‌ಗಳನ್ನು ಹಂತ ಹಂತವಾಗಿ ಹೊಸದು ಮಾಡುವ ಬಗ್ಗೆ ನಗರಸಭೆಯ ಅಭಿವೃದ್ಧಿ ಸೆಮಿನಾರಿಗೆ ಒಂದು ಟಿಪ್ಪಣಿ ಬೇಕು, ಹಣ ಒಂದೇ ಸಲ ಸಿಗುವುದಿಲ್ಲ, ಗಾಡಿ ಗುರುತಿಸುವ ಎಐ ಕ್ಯಾಮರಾದಿಂದ ಶುರು ಮಾಡಬಹುದಾ ಅಂತ. ಬೇಡ. ಕ್ಯಾಮರಾ ಕೊನೆಗೆ ಬರಲಿ.

ಮೊದಲ ಹಣ ಜಂಕ್ಷನ್ ಬದಿಯ ಪೆಟ್ಟಿಗೆಗೆ ಹೋಗಬೇಕು. ಅಂದರೆ ದೀಪಗಳನ್ನು ಬದಲಿಸುವ ಕಂಟ್ರೋಲರ್, ಅದರ ಕರೆಂಟು, ಅರ್ತಿಂಗ್. ತುಲಾ ತಿಂಗಳ ಸಿಡಿಲು ನಿಮಗೆ ಗೊತ್ತಲ್ಲ. ಮುರಕಲ್ಲಿನ ನೆಲಕ್ಕೆ ಒಂದು ರಾಡ್ ಹೊಡೆದರೆ ಸರಿಯಾದ ಅರ್ತ್ ಸಿಗುವುದು ಕಷ್ಟ, ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಎರಡು ಮೂರು ಗುಂಡಿ ತೆಗೆದು ಒಂದಕ್ಕೊಂದು ಜೋಡಿಸಬೇಕು, ಮೀಟರಿನಲ್ಲಿ ಅಳೆಯಬೇಕು. ಕರೆಂಟ್ ಲೈನಿಗೆ ಒಂದು, ಡೇಟಾ ಲೈನಿಗೆ ಇನ್ನೊಂದು ಸರ್ಜ್ ಅರೆಸ್ಟರ್ (ಸಿಡಿಲಿನ ಹೆಚ್ಚುವರಿ ಕರೆಂಟನ್ನು ನೆಲಕ್ಕೆ ಕಳಿಸುವ ಸಾಧನ) ಬೇಕು. ಇಷ್ಟು ಮಾಡದೆ ಮೇಲೆ ಏನು ಕೂರಿಸಿದರೂ ಮೊದಲ ಗುಡುಗಿಗೇ ಹೋಗುತ್ತದೆ. ಹಳೆಯ ಬಲ್ಬ್ ಎಲ್ಲಾದರೂ ಉಳಿದಿದ್ದರೆ ಎಲ್‌ಇಡಿ ಮಾಡಿಸಿ. ಆಗ ಸಣ್ಣ ಯುಪಿಎಸ್ ಸಾಕು, ಕರೆಂಟ್ ಹೋದರೂ ಸಿಗ್ನಲ್ ನಡೆಯುತ್ತದೆ. ಇನ್ನೊಂದು, ಅಡ್ಡ ರಸ್ತೆಗಳೆರಡಕ್ಕೂ ಒಟ್ಟಿಗೆ ಹಸಿರು ಬೀಳದಂತೆ ತಡೆಯುವ ಸರ್ಕ್ಯೂಟ್ ಪೆಟ್ಟಿಗೆಯೊಳಗೇ ಇರಬೇಕು. ಆ ಕೆಲಸವನ್ನು ಯಾವ ನೆಟ್‌ವರ್ಕಿಗೂ ಬಿಡಬಾರದು.

ಎರಡನೇ ಹಂತ ಸಿಗ್ನಲ್ ಸಮಯ ಹೊಂದಿಸುವುದು. ಇದಕ್ಕೆ ಖರ್ಚು ಕಮ್ಮಿ, ಫಲ ಜಾಸ್ತಿ. ಆದರೆ ಮಾರುವವರು ಇದರ ಸುದ್ದಿ ಎತ್ತುವುದೇ ಇಲ್ಲ! ಹತ್ತಿರ ಹತ್ತಿರದ ಸಿಗ್ನಲ್‌ಗಳನ್ನು ಹೊಂದಿಸಲು ಕೇಬಲ್ ಬೇಕೇ ಬೇಕು ಅಂತ ಇಲ್ಲ. ಪ್ರತಿ ಕಂಟ್ರೋಲರಿಗೂ ಒಂದು ಜಿಪಿಎಸ್ ಗಡಿಯಾರ ಇದ್ದರೆ ಎಲ್ಲದರಲ್ಲೂ ಸಮಯ ಒಂದೇ ಆಗುತ್ತದೆ. ಎರಡು ಜಂಕ್ಷನ್ ನಡುವೆ 400 ಮೀಟರ್ ಇದೆ, ಗಾಡಿಗಳು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತವೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 10 ಮೀಟರ್ ಆಯಿತು. ಹಾಗಾದರೆ ಎರಡನೆಯದರ ಹಸಿರು 40 ಸೆಕೆಂಡ್ ತಡವಾಗಿ ಬಿದ್ದರೆ ಸಾಕು, ಮೊದಲನೆಯದನ್ನು ದಾಟಿದ ಗಾಡಿಗಳು ನಿಲ್ಲದೆ ಹೋಗುತ್ತವೆ. ಎರಡರ ಸುತ್ತಿನ ಅವಧಿ (ಒಂದು ಹಸಿರಿನಿಂದ ಮುಂದಿನ ಹಸಿರಿನವರೆಗಿನ ಸಮಯ) ಒಂದೇ ಇರಬೇಕು. ಒಂದರದ್ದು 90 ಸೆಕೆಂಡ್, ಇನ್ನೊಂದರದ್ದು 110 ಆದರೆ ತಾಳ ತಪ್ಪುತ್ತದೆ. ಎದುರಿನಿಂದ ಬರುವವರಿಗೂ ಇದೇ ಲಾಭ ಸಿಗುತ್ತದೆ ಅಂತ ಹೇಳಲಾಗದು. ಅದಕ್ಕೇ ಆ ಹೊತ್ತಿಗೆ ಹೆಚ್ಚು ಗಾಡಿ ಹೋಗುವ ದಿಕ್ಕು ನೋಡಿ ಬೆಳಗ್ಗೆಗೆ ಒಂದು ಸಮಯದ ಪ್ಲಾನ್, ಸಂಜೆಗೆ ಇನ್ನೊಂದು. ನಡೆದು ದಾಟುವವರ ಸಮಯಕ್ಕೆ ಮಾತ್ರ ಕೈ ಹಾಕಬಾರದು. ಸೆಕೆಂಡಿಗೆ 1.2 ಮೀಟರ್ ಲೆಕ್ಕದಲ್ಲಿ 12 ಮೀಟರ್ ರಸ್ತೆಗೆ 10 ಸೆಕೆಂಡ್ ಬೇಕು, ಅಜ್ಜಿಯಂದಿರಿಗೆ ಇನ್ನೂ ಹೆಚ್ಚು.

ಈ ಪ್ಲಾನ್‌ಗೆ ಗಾಡಿಗಳ ಎಣಿಕೆ ಬೇಕು. 66ನೇ ಹೆದ್ದಾರಿಯ ಆರು ಲೇನ್ ಕೆಲಸಕ್ಕೆ ಮುಂಚಿನ ಎಣಿಕೆ ಯಾರಾದರೂ ತಂದುಕೊಟ್ಟರೆ ಮುಟ್ಟಬೇಡಿ. ದೂರ ಹೋಗುವ ಗಾಡಿಗಳಿಗೂ ಸರ್ವಿಸ್ ರೋಡಿನ ಗಾಡಿಗಳಿಗೂ ದಾರಿ ಬೇರೆಯಾದ ಮೇಲೆ ಹಳೆಯ ಲೆಕ್ಕ ಯಾವುದಕ್ಕೂ ಬರುವುದಿಲ್ಲ. ಕಾಲೇಜು ಹುಡುಗರನ್ನು ಕೂರಿಸಿ ಹೊಸದಾಗಿ ಎಣಿಸಿ.

ಮೂರನೆಯದು ಸಂಪರ್ಕ. ಸಿಗ್ನಲ್ ಕೆಟ್ಟಿದೆ ಅಂತ ತಿಳಿಯಲು, ಕೂತಲ್ಲಿಂದಲೇ ಸಮಯ ಬದಲಿಸಲು ಬೇಕಾದ ಡೇಟಾ ತೀರಾ ಕಮ್ಮಿ, 4ಜಿ ಸಿಮ್ ಸಾಕು. ಫೈಬರ್ ಬೇಕಾಗುವುದು ವಿಡಿಯೋ ತರಲು. ಆದರೆ ಫೈಬರಿನಲ್ಲಿ ಇನ್ನೊಂದು ಗುಣ ಇದೆ: ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ. ಕೇರಳ ಸರ್ಕಾರದ ಫೈಬರ್ ಜಾಲ ಕೆಫೋನ್ 2023ರ ಜೂನಿನಲ್ಲಿ ಉದ್ಘಾಟನೆಯಾಗಿದೆ, ಅದರ ಕೇಬಲ್ ಹೆಚ್ಚಾಗಿ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಕಂಬಗಳಲ್ಲೇ ಹೋಗುತ್ತದೆ. ಹೊಸ ಕೇಬಲ್ ಎಳೆಯುವ ಮೊದಲು ಅಲ್ಲಿ ಕೇಳಿ. ನೀರಿನ ಪೈಪಿಗೋ ಚರಂಡಿಗೋ ರಸ್ತೆ ಅಗೆದಾಗ ಮುಂದೆ ಕೇಬಲ್ ಎಳೆಯಲು ಒಂದು ಖಾಲಿ ಪೈಪ್ ಹೂತಿಡಲು ಹೇಳಿ, ಮುರಕಲ್ಲನ್ನು ಎರಡು ಸಲ ಒಡೆಸುವ ಖರ್ಚು ಉಳಿಯುತ್ತದೆ. ಸಿಮ್ ಹಾಕುವ ಮೋಡೆಮ್ ಬೇರೆಯಾಗಿ ಬಿಚ್ಚಿ ಬದಲಿಸುವಂತಿರಲಿ. 2020ರಲ್ಲಿ ಏರ್‌ಟೆಲ್ 3ಜಿ ನಿಲ್ಲಿಸಿದ್ದು ನೆನಪಿದೆಯಲ್ಲ? ಹಾಗೆ 4ಜಿಯೂ ನಿಂತರೆ ಮೋಡೆಮ್ ಮಾತ್ರ ಬದಲಿಸಿದರೆ ಸಾಕು. ಲೈನ್ ತುಂಡಾದರೆ ಜಂಕ್ಷನ್ ತನ್ನಲ್ಲಿರುವ ಪ್ಲಾನ್ ಪ್ರಕಾರ ಓಡುತ್ತಿರಬೇಕು.

ಗಾಡಿ ನೋಡಿ ತಾನಾಗಿ ಹಸಿರು ಹೆಚ್ಚು ಕಮ್ಮಿ ಮಾಡುವ ವ್ಯವಸ್ಥೆ ಆಮೇಲೆ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ತಿರುವನಂತಪುರ ಕೇಂದ್ರ ಮಾಡಿದ ಕೋಸಿಕೋಸ್ಟ್ ಎಂಬ ಇಂಥ ಸಾಫ್ಟ್‌ವೇರ್ ಇದೆ, ಬೆಂಗಳೂರಿನಲ್ಲಿ ಬಳಸುತ್ತಾರೆ. ಆದರೆ ಅದು ಸಾಲಾಗಿ ಜಂಕ್ಷನ್ ಇರುವಲ್ಲಿಗೆ. ಒಂಟಿ ಜಂಕ್ಷನಿಗೆ ಗಾಡಿ ಬಂದರೆ ಗುರುತಿಸುವ ಸಾದಾ ಕಂಟ್ರೋಲರ್ ಸಾಕು. ಗಾಡಿ ಗುರುತಿಸಲು ರಸ್ತೆಯಲ್ಲಿ ಹೂಳುವ ತಂತಿಯ ಸುರುಳಿ ನಮ್ಮ ಆಟೊ, ಬೈಕುಗಳನ್ನು ಸರಿಯಾಗಿ ಎಣಿಸುವುದಿಲ್ಲ, ಯಾರು ಲೇನ್ ನೋಡಿ ಓಡಿಸುತ್ತಾರೆ ಹೇಳಿ! ಕ್ಯಾಮರಾ ಆದರೆ ಜುಲೈ ಮಳೆಯಲ್ಲಿ, ರಾತ್ರಿ ಹೊತ್ತು ಪರೀಕ್ಷೆ ಮಾಡಿಸಿದ ಮೇಲೆಯೇ ಪೂರ್ತಿ ಹಣ ಕೊಡಲಿ. ಮಳೆಗೆ ರಾಡಾರ್ ವಾಸಿ.

ಟೆಂಡರಿನಲ್ಲಿ ಎರಡು ಸಾಲು ಮರೆಯಬೇಡಿ: ಬೇರೆ ಕಂಪನಿಯ ಸಾಫ್ಟ್‌ವೇರ್ ಜೊತೆಗೂ ಮಾತಾಡುವ ಓಪನ್ ಪ್ರೊಟೋಕಾಲ್ ಇರಬೇಕು, ಪಾಸ್‌ವರ್ಡ್ ನಗರಸಭೆಯ ಕೈಯಲ್ಲಿರಬೇಕು. ಇಲ್ಲದಿದ್ದರೆ ಮುಂದಿನ ಹಂತಕ್ಕೂ ಅದೇ ಕಂಪನಿ ಹೇಳಿದ ರೇಟೇ ಗತಿ.

ಈಗಿರುವ ಕಂಟ್ರೋಲರ್‌ಗಳ ನೇಮ್‌ಪ್ಲೇಟ್ ಫೋಟೊ ಸಿಕ್ಕಿದರೆ ಇಲ್ಲೇ ಹಾಕಿ ಮಾಷ್ಟ್ರೇ. ಯಾವುದಕ್ಕೆ ಜಿಪಿಎಸ್ ಸೇರಿಸಬಹುದು, ಯಾವುದನ್ನು ಬದಲಿಸಲೇಬೇಕು ಅಂತ ಒಂದೊಂದಾಗಿ ನೋಡೋಣ.