ಮಜಲ್‌ಲೋಡರ್ ಬಂದೂಕಿನ ಗುರಿ ಹೊಂದಿಸೋಕೆ ಇಡೀ ದಿನ ಯಾಕೆ ಬೇಕು?

ಅಮೆರಿಕದಲ್ಲಿರುವ ನಿಮ್ಮ ಅಣ್ಣ ಜಿಂಕೆ ಬೇಟೆಗೆ ಮುಂಚೆ ಮಜಲ್‌ಲೋಡರ್ ಜೊತೆ ಇಡೀ ದಿನ ಕಳೆಯುವುದು ಯಾಕೆ ಅಂತ ಕೇಳಿದ್ದೀರಿ. ನಮ್ಮ ಕಲಬುರಗಿ ಕೋಟೆಯ ತೋಪಿನ ಹಾಗೆ ಅದಕ್ಕೂ ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬಬೇಕು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಇಲ್ಲಿ ಅಣ್ಣನ ಶೋಕಿ ನಡೆಯಲ್ಲ ಬಿಡಿ.

ತಡವಾಗುವುದು ಮಸಿಯಿಂದ. ಒಂದು ಗುಂಡು ಹಾರಿಸಿದರೆ ಸಾಕು, ನಳಿಗೆಯೊಳಗೆ ಮಸಿ ಕೂರುತ್ತದೆ. ಮುಂದಿನ ಗುಂಡು ಇಳಿಸುವಾಗ ಅದನ್ನು ಒಳಗೆ ತಳ್ಳುವ ಕೋಲು ಬಿಗಿಯಾಗುತ್ತದೆ, ಪೆಟ್ಟು ಬೀಳುವ ಜಾಗವೂ ಬದಲಾಗುತ್ತದೆ. ಅದಕ್ಕೇ ಪ್ರತಿ ಸಲ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ ಆಡಿಸಬೇಕು. ಮದ್ದಿನ ಅಳತೆ, ಗುಂಡಿನ ಬಗೆ, ಕೋಲು ಒತ್ತುವ ಬಲ ಒಂದೇ ಇರಬೇಕು.

ಗುರಿಹಲಗೆ ಮೊದಲು 25 ಗಜ ದೂರದಲ್ಲಿ, ಆಮೇಲೆ 100 ಗಜದಲ್ಲಿ. ಮೂರು ಗುಂಡು ಹೊಡೆದು, ಅವುಗಳ ನಡುಭಾಗ ನೋಡಿ ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ತಿರುಪು ತಿರುಗಿಸಬೇಕು. ಒಂದೊಂದು ತೂತಿಗೂ ತಿರುಗಿಸುತ್ತಾ ಕೂತರೆ ಸುಮ್ನೆ ಮದ್ದು ದಂಡ. ತಿರುಪಿನ ಒಂದು ಕ್ಲಿಕ್ (ಒಂದು ಹಲ್ಲು) ಪೆಟ್ಟನ್ನು 100 ಗಜದಲ್ಲಿ ಕಾಲು ಇಂಚು ಸರಿಸಿದರೆ, 25 ಗಜದಲ್ಲಿ ಒಂದು ಇಂಚಿಗೆ 16 ಕ್ಲಿಕ್ ಬೇಕು. ಜನ ಜಾಸ್ತಿ ಎಡವುವುದು ಈ ಲೆಕ್ಕದಲ್ಲೇ.

ಕೊನೆಗೆ ನಳಿಗೆ ಪೂರ್ತಿ ತೊಳೆದು, ತಣ್ಣಗಾದ ಮೇಲೆ ಒಂದು ಗುಂಡು ಹೊಡೆದು ನೋಡಬೇಕು. ಕಾಡಿನಲ್ಲಿ ಸಿಗುವುದು ಆ ಮೊದಲ ಗುಂಡೇ ಅಲ್ವಾ?