ಶೇ. 20 ಸರಿ, ಆದರೆ ಯಾವ ಮೊತ್ತದಲ್ಲಿ?

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದಾನೆ. ಡೈವೋರ್ಸ್ ಕೇಸು ನಡೆಯುತ್ತಿದೆ. ಒಬ್ಬಳೇ ಮಗಳು, ತಾಯಿಯ ಹತ್ತಿರ ಇರುತ್ತಾಳೆ. ಮಗಳ ಖರ್ಚಿಗೆ ಸಂಬಳದ ಶೇ. 20 ಕೊಡಲೇಬೇಕು, ಕೋರ್ಟು ಬೇರೇನೂ ನೋಡುವುದಿಲ್ಲ ಎಂದು ಯಾರೋ ಹೆದರಿಸಿದ್ದಾರೆ. ಅವನಿಗೆ ಮನೆ, ಕಾರು ಎರಡರ ಕಂತೂ ಇದೆ. ಹೆಂಡತಿಗೂ ಒಳ್ಳೆಯ ಸಂಬಳ ಇದೆ. ಇದು ನಿಜವೇ?

ಉತ್ತರ: ಅರ್ಧ ನಿಜ. ಟೆಕ್ಸಾಸ್‌ನಲ್ಲಿ ಒಂದು ಮಗುವಿಗೆ ಶೇ. 20, ಇಬ್ಬರಿದ್ದರೆ 25, ಮೂವರಿಗೆ 30 ಎಂಬ ಲೆಕ್ಕ ಕಾನೂನಿನಲ್ಲೇ ಇದೆ. ಆದರೆ ಜಗಳ ನಡೆಯುವುದು ಶೇಕಡಾ ಬಗ್ಗೆ ಅಲ್ಲ, ಯಾವ ಮೊತ್ತದಲ್ಲಿ ಶೇಕಡಾ ಎನ್ನುವುದರ ಬಗ್ಗೆ.

ಸಂಬಳ, ಬೋನಸ್, ಬಾಡಿಗೆ, ಬಡ್ಡಿ ಎಲ್ಲವನ್ನೂ ಕೂಡಿಸಿ, ಅದರಲ್ಲಿ ಆದಾಯ ತೆರಿಗೆ, ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿಗೆಂದು ಸಂಬಳದಲ್ಲಿ ಹಿಡಿಯುವ ತೆರಿಗೆ), ಮಗಳ ಆರೋಗ್ಯ ವಿಮೆಗೆ ನಿಮ್ಮ ತಮ್ಮ ಕಟ್ಟುವ ಹಣ, ಇಂಥವನ್ನು ಕಳೆಯುತ್ತಾರೆ. ಹೀಗೆ ಕಳೆದು ತಿಂಗಳಿಗೆ 6,000 ಡಾಲರ್ ಉಳಿದರೆ ಮಗಳಿಗೆ 1,200. ಮನೆ ಕಂತು, ಕಾರಿನ ಕಂತು ಇಲ್ಲಿ ಕಳೆಯುವುದಿಲ್ಲ. ನಿವೃತ್ತಿಗೆಂದು ತಾವಾಗಿಯೇ ಕೂಡಿಡುವ ಹಣವನ್ನೂ ಕಳೆಯುವುದಿಲ್ಲ, ತುಂಬಾ ಜನ ಎಡವುವುದು ಇಲ್ಲೇ. ಈ ಲೆಕ್ಕಕ್ಕೆ ಒಂದು ಮಿತಿಯೂ ಇದೆ. 2025ರ ಸೆಪ್ಟೆಂಬರ್‌ನಿಂದ, ಹೀಗೆ ಕಳೆದು ಉಳಿದ ಆದಾಯದಲ್ಲಿ ತಿಂಗಳಿಗೆ 11,700 ಡಾಲರ್‌ವರೆಗೆ ಮಾತ್ರ ಈ ಶೇಕಡಾ. ಆದಾಯ ಅದಕ್ಕಿಂತ ಜಾಸ್ತಿ ಇದ್ದರೆ, ಮಗಳ ಅಗತ್ಯ ಇಷ್ಟಿದೆ ಎಂದು ತೋರಿಸಿದಾಗ ಮಾತ್ರ ಕೋರ್ಟು ಹೆಚ್ಚು ಹಣ ಕೇಳಬಹುದು.

ಹೆಂಡತಿಯ ಸಂಬಳದ ವಿಷಯ. ನ್ಯೂಯಾರ್ಕ್‌ನಲ್ಲಾದರೆ ಇಬ್ಬರ ಆದಾಯವನ್ನೂ ಕೂಡಿಸಿ, ಒಂದು ಮಗುವಿಗೆ ಶೇ. 17 ತೆಗೆದು, ಅದನ್ನು ಅವರವರ ಆದಾಯಕ್ಕೆ ತಕ್ಕಂತೆ ಹಂಚುತ್ತಾರೆ. ಟೆಕ್ಸಾಸ್‌ನಲ್ಲಿ ಹಾಗಲ್ಲ, ಕೊಡಬೇಕಾದವರ ಆದಾಯಕ್ಕೆ ಮಾತ್ರ ಲೆಕ್ಕ. ಹಾಗಂತ ಜಡ್ಜ್ ಕೈ ಕಟ್ಟಿಹಾಕಿಲ್ಲ. ಈ ಮೊತ್ತ ಈ ಮಗುವಿಗೆ ಸರಿಹೋಗುವುದಿಲ್ಲ ಅನಿಸಿದರೆ ಹೆಚ್ಚು ಕಡಿಮೆ ಮಾಡಬಹುದು, ಆದರೆ ಕಾರಣ ಹೇಳಲೇಬೇಕು. ತಾಯಿಯ ಆದಾಯ, ಸಾಲಗಳು, ಮಗು ಯಾರ ಹತ್ತಿರ ಎಷ್ಟು ದಿನ ಇರುತ್ತದೆ, ಮಗುವನ್ನು ನೋಡಲು ಓಡಾಡುವ ಖರ್ಚು, ವಿಶೇಷ ಚಿಕಿತ್ಸೆ, ಇವೆಲ್ಲ ಬರುವುದು ಇಲ್ಲಿ. ಕೇಳಿದರೆ, ದಾಖಲೆ ಕೊಟ್ಟರೆ ಮಾತ್ರ.

ಇನ್ನೊಂದು ಮಾತು, ನೇರವಾಗಿ ಹೇಳುತ್ತೇನೆ. ಹಣ ಉಳಿಸಲು ಕೆಲಸ ಬಿಡುವ ಯೋಚನೆ ನಿಮ್ಮ ತಮ್ಮನಿಗಿದ್ದರೆ ದಯವಿಟ್ಟು ತಡೆಯಿರಿ. ಬೇಕೆಂದೇ ಸಂಬಳ ಕಡಿಮೆ ಮಾಡಿಕೊಂಡಿದ್ದಾರೆ ಅನಿಸಿದರೆ, ಅವರು ದುಡಿಯಬಲ್ಲ ಮೊತ್ತದ ಮೇಲೆಯೇ ಕೋರ್ಟು ಲೆಕ್ಕ ಹಾಕಬಹುದು. ನಿಜವಾಗಿ ಕೆಲಸ ಹೋದರೆ ಮಾತ್ರ ಸುಮ್ನೆ ಕೂರದೆ, ಮೊತ್ತ ಬದಲಿಸಿ ಎಂದು ತಕ್ಷಣ ಅರ್ಜಿ ಹಾಕಬೇಕು. ಅರ್ಜಿಗೆ ಮೊದಲಿನ ಬಾಕಿಯನ್ನು ಕೋರ್ಟು ಸಾಮಾನ್ಯವಾಗಿ ಮನ್ನಾ ಮಾಡುವುದಿಲ್ಲ.

ಈಗ ಅವರು ಸ್ಯಾಲರಿ ಸ್ಲಿಪ್, ಕಳೆದ 2 ವರ್ಷದ ತೆರಿಗೆ ರಿಟರ್ನ್, ವಿಮೆಯ ರಸೀದಿ ಹಿಡಿದುಕೊಂಡು ಅಲ್ಲಿನ ಫ್ಯಾಮಿಲಿ ವಕೀಲರನ್ನು ನೋಡಲಿ.