ಬಾಸ್ಟನ್ನಿನ ಮರ ಮತ್ತು ಮುಯ್ಯಿ ಲೆಕ್ಕ

ಶಿವಮೊಗ್ಗದ ನಿವೃತ್ತ ಅಧ್ಯಾಪಕರೊಬ್ಬರ ಪತ್ರ: “ಡಿಸೆಂಬರ್ ಸಂಚಿಕೆಯಲ್ಲಿ ಅಮೆರಿಕದ ಬಾಸ್ಟನ್ ನಗರದ ಕ್ರಿಸ್‌ಮಸ್ ಮರದ ಚಿತ್ರ ಹಾಕಿ, ‘1918ರಿಂದ ಪ್ರತಿವರ್ಷ ತಪ್ಪದೆ ಕೆನಡಾದಿಂದ ಬರುವ ಕೃತಜ್ಞತೆಯ ಕಾಣಿಕೆ’ ಎಂದು ಬರೆದಿದ್ದೀರಿ. ಮಗಳ ಮನೆಗೆ ಹೋಗಿದ್ದಾಗ ಆ ಮರವನ್ನು ನಾನೂ ನೋಡಿದ್ದೇನೆ, ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಅರ್ಧ ಗಂಟೆ ನಿಂತಿದ್ದೆ. ಆದರೆ ನಿಮ್ಮ ಸಾಲು ಓದಿದ ಅಳಿಯ ನಕ್ಕುಬಿಟ್ಟರು. ‘ಮಾವ, ಅದು ಮರ ಮಾರುವವರ ಜಾಹೀರಾತು’ ಎಂದರು. ಇದರಲ್ಲಿ ಯಾವುದು ನಿಜ?”

ಸಂಪಾದಕರ ಉತ್ತರ:

ಮಾನ್ಯರೇ,

ಆ ಅಡಿಬರಹ ಬರೆದವನು ನಾನೇ. ‘ಪ್ರತಿವರ್ಷ ತಪ್ಪದೆ’ ಎಂಬ ಮಾತು ಕೇಳಲು ಇಂಪಾಗಿತ್ತು, ಪರೀಕ್ಷಿಸದೆ ಅಚ್ಚಿಗೆ ಕೊಟ್ಟೆ. ನಿಮ್ಮ ಅಳಿಯಂದಿರ ಮಾತಿನಲ್ಲಿ ಹುರುಳಿದೆ. ಆದರೆ ಅವರ ನಗುವನ್ನು ಪೂರ್ತಿ ಒಪ್ಪಲಾರೆ. ಏಕೆಂದು ಹೇಳಲು 1917ಕ್ಕೆ ಹೋಗಬೇಕು.

ಅದು ಮೊದಲ ಮಹಾಯುದ್ಧದ ಕಾಲ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಹಡಗುಗಳು ಒಟ್ಟುಗೂಡಿ, ಬೆಂಗಾವಲಿನಲ್ಲಿ ಯೂರೋಪಿಗೆ ಹೊರಡುತ್ತಿದ್ದವು. ಡಿಸೆಂಬರ್ 6ರ ಬೆಳಿಗ್ಗೆ ಮೋಂ ಬ್ಲಾಂ ಎಂಬ ಫ್ರೆಂಚ್ ಹಡಗು ಬಂದರಿನ ಒಳಗೆ ಬರುತ್ತಿತ್ತು, ಇಮೋ ಎಂಬ ನಾರ್ವೆಯ ಹಡಗು ಹೊರಗೆ ಹೋಗುತ್ತಿತ್ತು. ಮೋಂ ಬ್ಲಾಂ ಹೊಟ್ಟೆಯಲ್ಲಿ 2,500 ಟನ್ನಿಗೂ ಹೆಚ್ಚು ಸಿಡಿಮದ್ದು, ಮೇಲ್ಗಡೆ ಬೆಂಜಾಲ್ ಎಂಬ, ಥಟ್ಟನೆ ಹೊತ್ತಿಕೊಳ್ಳುವ ಇಂಧನದ ಪೀಪಾಯಿಗಳ ಸಾಲು. ಅದು ಸಿಡಿಮದ್ದಿನ ಹಡಗೆಂದು ತಿಳಿಸುವ ಕೆಂಪು ಬಾವುಟ ಮಾತ್ರ ಇರಲಿಲ್ಲ. ಬಾವುಟ ಏರಿಸಿದರೆ ಶತ್ರುವಿನ ಕಣ್ಣು ಬೀಳುತ್ತಿತ್ತು. ಬಂದರಿನ ಇಕ್ಕಟ್ಟಾದ ಭಾಗದಲ್ಲಿ ಎರಡೂ ಡಿಕ್ಕಿ ಹೊಡೆದವು. ಪೀಪಾಯಿಗಳು ಉರುಳಿ ಬೆಂಕಿ ಹತ್ತಿತು, ನಾವಿಕರು ದೋಣಿ ಇಳಿಸಿಕೊಂಡು ಎದುರು ದಡಕ್ಕೆ ಹುಟ್ಟು ಹಾಕಿದರು. ಉರಿಯುವ ಹಡಗು ತೇಲುತ್ತ ಊರ ಕಡೆಯ ಕಟ್ಟೆಗೆ ಬಂದು ತಾಗಿತು.

ನನ್ನನ್ನು ಇಂದಿಗೂ ಕಾಡುವುದು ಮುಂದಿನ ಇಪ್ಪತ್ತು ನಿಮಿಷ. ಹಡಗು ಉರಿಯುವುದನ್ನು ನೋಡಲು ಜನ ದಡಕ್ಕೆ ಓಡಿ ಬಂದರು. ಬರಲಾಗದವರು ಮನೆಯ ಕಿಟಕಿಗಳಿಗೆ ಮುಖವೊತ್ತಿ ನಿಂತರು. ಒಳಗೇನಿದೆ ಎಂದು ಬಲ್ಲವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬ ರೈಲ್ವೆಯ ತಂತಿ ನೌಕರ ವಿನ್ಸೆಂಟ್ ಕೋಲ್ಮನ್. ಓಡಿಹೋಗಲು ಹೊರಟವನು, ಪ್ರಯಾಣಿಕರ ರೈಲೊಂದು ಬರುತ್ತಿರುವುದು ನೆನಪಾಗಿ ಹಿಂದಿರುಗಿದ. ‘ರೈಲು ನಿಲ್ಲಿಸಿ, ಸಿಡಿಮದ್ದಿನ ಹಡಗಿಗೆ ಬೆಂಕಿ ಬಿದ್ದಿದೆ, ಬಹುಶಃ ಇದು ನನ್ನ ಕೊನೆಯ ಸಂದೇಶ’ ಎಂದು ತಂತಿ ಬಡಿದ. ಅದು ಕೊನೆಯದೇ ಆಯಿತು. 9 ಗಂಟೆ 4 ನಿಮಿಷ ದಾಟುತ್ತಿದ್ದಂತೆ ಮೋಂ ಬ್ಲಾಂ ಸಿಡಿಯಿತು. ಸುಮಾರು 2,000 ಜನ ಸತ್ತರು, 9,000 ಜನ ಗಾಯಗೊಂಡರು. ಕಿಟಕಿಯಲ್ಲಿ ನಿಂತಿದ್ದವರ ಕಣ್ಣಿಗೆ ಗಾಜು ಹೊಕ್ಕಿತ್ತು. ಹಡಗಿನ ಲಂಗರಿನ ಅರ್ಧ ಟನ್ ತೂಕದ ತುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಿ ಬಿತ್ತು.

ಇನ್ನು ಬಾಸ್ಟನ್ನಿನ ಪಾತ್ರ. ತಂತಿ ಕಡಿದುಹೋಗಿದ್ದರಿಂದ ಅಲ್ಲಿಗೆ ಅರೆಬರೆ ಸುದ್ದಿ ಮುಟ್ಟಿತ್ತು, ನೆರವು ಕೇಳಿ ಯಾರ ಕರೆಯೂ ಬಂದಿರಲಿಲ್ಲ. ಆದರೂ ಅದೇ ರಾತ್ರಿ ಹತ್ತರ ಸುಮಾರಿಗೆ ವೈದ್ಯರು, ದಾದಿಯರು, ಔಷಧಿ ತುಂಬಿದ ರೈಲು ಹೊರಟೇಬಿಟ್ಟಿತು. ಅದರ ಮುಂದಾಳು ಬಾಸ್ಟನ್ನಿನ ಬ್ಯಾಂಕರ್ ಅಬ್ರಹಾಂ ರಾಟ್‌ಶೆಸ್ಕಿ. ಮರುದಿನ ದಾರಿಯಲ್ಲಿ ಹಿಮದ ಬಿರುಗಾಳಿ. ಹಿಮ ಸರಿಸುತ್ತ, ನಿಲ್ಲುತ್ತ, 8ರ ಬೆಳಿಗ್ಗೆ ಹ್ಯಾಲಿಫ್ಯಾಕ್ಸ್ ಸೇರಿದರು. ಬೆನ್ನಿಗೇ ಹಡಗುಗಳಲ್ಲಿ ಸಾಮಾನು ಬಂತು. ಹಿಮದಲ್ಲಿ ಕಿಟಕಿಗಳೇ ಇಲ್ಲದೆ ನಿಂತಿದ್ದ ಊರಿಗೆ ಅವರು ಗಾಜನ್ನೂ ಕಳುಹಿಸಿದ್ದರು. ಈ ನಂಟು ಒಮ್ಮೆಗೇ ಹುಟ್ಟಿದ್ದಲ್ಲ. ನೋವಾ ಸ್ಕೋಷಿಯಾದವರು ಕೆಲಸ ಹುಡುಕಿ ತಲೆಮಾರುಗಳಿಂದ ಬಾಸ್ಟನ್ನಿಗೆ ಹೋಗುತ್ತಿದ್ದರು. ಆ ಸೀಮೆಗೆ ಅವರು ‘ಬಾಸ್ಟನ್ ಸ್ಟೇಟ್ಸ್’ ಎಂದೇ ಹೆಸರಿಟ್ಟಿದ್ದರು. ಮಲೆನಾಡಿನವರಾದ ನಿಮಗೆ ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂಬ ನೆಂಟಸ್ತಿಕೆ ಗೊತ್ತೇ ಇದೆ.

1918ರ ಡಿಸೆಂಬರಿನಲ್ಲಿ ಕೃತಜ್ಞತೆಯಿಂದ ಒಂದು ಮರ ಬಾಸ್ಟನ್ನಿಗೆ ಹೋಯಿತು. ನಾನು ಎಡವಿದ್ದು ಇಲ್ಲಿ. ಹೋದದ್ದು ಅದೊಂದೇ. 1919ರಲ್ಲಿ ಮರವಿಲ್ಲ, 1920ರಲ್ಲಿಲ್ಲ, ಐವತ್ತು ವರ್ಷ ದಾಟಿದರೂ ಇಲ್ಲ. 1971ರಲ್ಲಿ ಪದ್ಧತಿಯನ್ನು ಮತ್ತೆ ಎಬ್ಬಿಸಿದ್ದು ನೋವಾ ಸ್ಕೋಷಿಯಾದ ಲೂನೆನ್‌ಬರ್ಗ್ ಕೌಂಟಿಯ ಕ್ರಿಸ್‌ಮಸ್ ಮರ ಬೆಳೆಗಾರರ ಸಂಘ. ಅಮೆರಿಕದಲ್ಲಿ ತಮ್ಮ ಮರಗಳಿಗೆ ಗಿರಾಕಿ ಹೆಚ್ಚಲಿ ಎಂಬುದು ಅವರ ಲೆಕ್ಕ, ಅದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ. ಅಳಿಯಂದಿರಿಗೆ ಇಲ್ಲಿ ಪೂರ್ತಿ ಅಂಕ. ಆಮೇಲೆ ಪ್ರಾಂತ್ಯದ ಸರ್ಕಾರವೇ ಹೊಣೆ ವಹಿಸಿಕೊಂಡಿತು.

ಹಾಗಾದರೆ ಕೃತಜ್ಞತೆ ಸುಳ್ಳೇ? ನನಗೆ ನಮ್ಮ ಮದುವೆ ಮನೆಗಳ ಮುಯ್ಯಿ ಪುಸ್ತಕ ನೆನಪಾಗುತ್ತದೆ. ಚಪ್ಪರದ ಮೂಲೆಯಲ್ಲಿ ಒಬ್ಬರು ಕುಳಿತು ಯಾರು ಎಷ್ಟು ಕೊಟ್ಟರು ಎಂದು ಬರೆದುಕೊಳ್ಳುತ್ತಾರೆ. ಅವರ ಮನೆಯ ಮದುವೆಗೆ ಅಷ್ಟನ್ನಾದರೂ ಹಿಂದಿರುಗಿಸಬೇಕು. ಅದರಲ್ಲಿ ಪ್ರೀತಿಯೂ ಇದೆ, ಲೆಕ್ಕವೂ ಇದೆ, ಎರಡನ್ನೂ ಬೇರ್ಪಡಿಸಲು ಹೊರಟವರು ಊಟ ಬಿಟ್ಟು ಎದ್ದು ಹೋಗಬೇಕಾಗುತ್ತದೆ. 1971ರ ಬೆಳೆಗಾರರು ಕಥೆಯನ್ನು ಕಟ್ಟಲಿಲ್ಲ. ಪುಸ್ತಕದಲ್ಲಿ ಐವತ್ತಮೂರು ವರ್ಷ ಹಾಗೆಯೇ ಉಳಿದಿದ್ದ ಹೆಸರನ್ನು ತಮ್ಮ ಲಾಭಕ್ಕಾಗಿಯೇ ಹುಡುಕಿ ತೆಗೆದರು, ಅಷ್ಟೆ. ಇಂದು ಬಾಸ್ಟನ್ನಿನಲ್ಲಿ ಹ್ಯಾಲಿಫ್ಯಾಕ್ಸಿನ ಸ್ಫೋಟ ಬಲ್ಲವರು ಇದ್ದರೆ ಅದಕ್ಕೆ ದೊಡ್ಡ ಕಾರಣ ಆ ವ್ಯಾಪಾರಿಗಳು.

ಜೊತೆಗೆ, ಆ ಮರವನ್ನು ಕೊಡುವವರಿಗೆ ಹಣ ಸಿಗುವುದಿಲ್ಲ. ಅರಣ್ಯ ಇಲಾಖೆಯವರು ತಿಂಗಳುಗಟ್ಟಲೆ ಹುಡುಕುತ್ತಾರೆ. ಎತ್ತರ 40ರಿಂದ 50 ಅಡಿ, ಸುತ್ತಲೂ ಒಂದೇ ಸಮನಾದ ದಟ್ಟ ಕೊಂಬೆ, ಲಾರಿ ಹೋಗುವಷ್ಟು ಹತ್ತಿರದ ರಸ್ತೆ, ಇವೆಲ್ಲ ಕೂಡಬೇಕು. ಅಂಥದು ಸಾಮಾನ್ಯವಾಗಿ ಸಿಗುವುದು ಕಾಡಿನಲ್ಲಲ್ಲ, ಯಾರದೋ ಮನೆಯಂಗಳದಲ್ಲಿ ಅಥವಾ ಜಮೀನಿನಲ್ಲಿ. ಕಾಡಿನ ಮರ ಬೆಳಕಿಗಾಗಿ ಪೈಪೋಟಿ ಮಾಡಿ ಸೊರಗಿ ಉದ್ದವಾಗುತ್ತದೆ, ಒಂಟಿ ಮರ ಮೈತುಂಬಿಕೊಳ್ಳುತ್ತದೆ. ಕಡಿಯುವ ದಿನ ಶಾಲೆಯ ಮಕ್ಕಳು ಬಂದು ಹಾಡುತ್ತಾರೆ. ಮನೆಯೆದುರು ದಶಕಗಳಿಂದ ಬೆಳೆದ ಮರವನ್ನು ಕಂಡರಿಯದವರ ಊರಿಗೆ ಕೊಟ್ಟು ಕಳುಹಿಸುವ ಆ ಮನೆಯವರಿಗೆ ಯಾವ ಜಾಹೀರಾತಿನ ಲಾಭ? ಅಲ್ಲಿಂದ ಸುಮಾರು 1,100 ಕಿಲೋಮೀಟರ್ ಲಾರಿ ಪ್ರಯಾಣ. ಬಾಸ್ಟನ್ನಿನ ನಿರ್ಗತಿಕರ ಆಶ್ರಯಗಳಾದ ರೋಸೀಸ್ ಪ್ಲೇಸ್, ಪೈನ್ ಸ್ಟ್ರೀಟ್ ಇನ್‌ಗಳಿಗೂ ಚಿಕ್ಕ ಮರಗಳು ಹೋಗುತ್ತವೆ. ಅವುಗಳ ಚಿತ್ರವನ್ನು ಯಾರೂ ಹಾಕುವುದಿಲ್ಲ, ನಾವೂ ಹಾಕಲಿಲ್ಲ.

ನೀವು ಕೇಳದಿದ್ದರೂ ಒಂದು ಮಾತು. ಇದೇ ಬಾಸ್ಟನ್ನಿನ ಸೀಮೆಯಲ್ಲಿ 1659ರಲ್ಲಿ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದವರು ಕ್ರಿಸ್‌ಮಸ್ ಆಚರಿಸುವವರಿಗೆ ಐದು ಶಿಲ್ಲಿಂಗ್ ದಂಡ ಹಾಕಿದ್ದರು. ಕಾನೂನು ರದ್ದಾಗಿದ್ದು 1681ರಲ್ಲಿ. ಸಾರ್ವಜನಿಕ ಮೈದಾನದಲ್ಲಿ ದೀಪದ ಮರ ನಿಲ್ಲಿಸಲು 1912 ಬರಬೇಕಾಯಿತು. ಇಂಥ ಊರಿನವರೇ 2005ರಲ್ಲಿ ನಗರದ ಅಂತರ್ಜಾಲ ತಾಣದಲ್ಲಿ ಇದನ್ನು ಕ್ರಿಸ್‌ಮಸ್ ಹೆಸರು ಬಿಟ್ಟು ‘ರಜೆಯ ಮರ’ ಎಂದು ಕರೆದು ಜಗಳ ಹಚ್ಚಿಕೊಂಡರು. ಕೊಟ್ಟವರಿಗೆ ಸಿಟ್ಟು ಬಂತು. ಮೇಯರ್ ಥಾಮಸ್ ಮೆನಿನೋ, ತಮ್ಮ ಪಾಲಿಗೆ ಅದು ಕ್ರಿಸ್‌ಮಸ್ ಮರವೇ ಎಂದು ಹೇಳಿ ಪಾರಾದರು.

ಅಡಿಬರಹ ಹೀಗಿರಬೇಕಿತ್ತು, ದಯವಿಟ್ಟು ತಿದ್ದಿಕೊಳ್ಳಿ: “ಬಾಸ್ಟನ್ ಕಾಮನ್ ಮೈದಾನದ ಕ್ರಿಸ್‌ಮಸ್ ಮರ. ನೋವಾ ಸ್ಕೋಷಿಯಾದಿಂದ 1918ರಲ್ಲಿ ಒಮ್ಮೆ, 1971ರಿಂದ ಪ್ರತಿವರ್ಷ.” ಮುಂದಿನ ಸಲ ಅಳಿಯಂದಿರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ. ಕಿವಿ ಮುಚ್ಚಲು ಉಣ್ಣೆಯ ಟೋಪಿ ಮರೆಯಬೇಡಿ.